ಲಂಡನ್ನಿನ ಕಿಟಕಿಯಲ್ಲಿ ಶ್ರೀರಂಗಪಟ್ಟಣದ ಮಳೆ

ಸೇಂಟ್ ಜೇಮ್ಸ್ ಬೀದಿ ಉದ್ದನೆಯದೇನಲ್ಲ. ಮೇಲ್ತುದಿಗೆ ಪಿಕಡಿಲಿ, ಕೆಳತುದಿಗೆ ಕೆಂಪಿಟ್ಟಿಗೆಯ ಹಳೇ ಅರಮನೆ. ನಡುವಿನ ಇಳಿಜಾರಿನಲ್ಲಿ ಮುನ್ನೂರು ವರ್ಷ ದಾಟಿದ ಟೋಪಿ ಅಂಗಡಿ, ಹೆಚ್ಚುಕಡಿಮೆ ಅಷ್ಟೇ ವಯಸ್ಸಿನ ವೈನ್ ಅಂಗಡಿ, ಮತ್ತೆ ಕ್ಲಬ್ಬುಗಳು: ವೈಟ್ಸ್, ಬ್ರೂಕ್ಸ್, ಬೂಡಲ್ಸ್. ಕ್ಲಬ್ಬುಗಳ ಬಾಗಿಲಲ್ಲಿ ಹೆಸರಿನ ಹಲಗೆ ಕಾಣಲಿಲ್ಲ. ಒಳಗೆ ಹೋಗಬೇಕಾದವರಿಗೆ ಅದು ಯಾವ ಮನೆ ಎಂದು ಗೊತ್ತೇ ಇರುತ್ತದೆ, ಗೊತ್ತಿಲ್ಲದವರು ಹೋಗಬೇಕಾಗಿಲ್ಲ. ಹದಿನೆಂಟನೇ ಶತಮಾನದ ಕೊನೆಯಲ್ಲಿ ವೈಟ್ಸ್‌ನಲ್ಲಿ ಪ್ರಧಾನಿ ಪಿಟ್‌ನ ಕಡೆಯವರು ಕೂರುತ್ತಿದ್ದರು, ಬ್ರೂಕ್ಸ್‌ನಲ್ಲಿ ವಿರೋಧಪಕ್ಷದ ಫಾಕ್ಸ್ ಮತ್ತವನ ಗೆಳೆಯರು ಬೆಳಗಿನವರೆಗೂ ಜೂಜಾಡುತ್ತಿದ್ದರು. ಬೂಡಲ್ಸ್ ಇರುವುದು 28ನೇ ನಂಬರಿನಲ್ಲಿ. ಅದಕ್ಕೆ ಅಂಟಿಕೊಂಡಂತೆ 27ರಲ್ಲಿ, 1797ರಿಂದ ಮುಂದೆ, ಹ್ಯಾನಾ ಹಂಫ್ರಿ ಎಂಬ ಹೆಂಗಸಿನ ಚಿತ್ರದಂಗಡಿಯಿತ್ತು. ಆ ಕಾಲದ ಇಂಗ್ಲೆಂಡಿನ ಅತ್ಯಂತ ಅಪಾಯಕಾರಿ ಕಿಟಕಿ ಅದೇ.

ಅಪಾಯ ಎಂದರೆ ದೊಡ್ಡವರಿಗೆ. ಅರಮನೆಗೆ ಹೋಗುವ ಮಂತ್ರಿ, ಕ್ಲಬ್ಬಿನಿಂದ ತೂರಾಡುತ್ತ ಹೊರಬರುವ ಡ್ಯೂಕ್, ಸಾಲ ಮಾಡಿ ತಿಂದು ಕೊಬ್ಬಿದ ಯುವರಾಜ, ಎಲ್ಲರೂ ಇದೇ ಬೀದಿಯಲ್ಲಿ ಓಡಾಡಬೇಕು. ಅದೇ ಬೀದಿಯ ಗಾಜಿನ ಹಿಂದೆ ಅವರ ಬೊಜ್ಜು, ಅವರ ಉಪಪತ್ನಿಯರು, ಅವರ ಲಂಚ, ಅವರ ಉದ್ದ ಮೂಗು, ಬಣ್ಣ ಬಳಿಸಿಕೊಂಡು ನೇತಾಡುತ್ತಿರುತ್ತಿದ್ದವು. ಬಣ್ಣ ಹಾಕಿದ ಒಂದು ಹಾಳೆಗೆ ಸುಮಾರು ಎರಡು ಶಿಲಿಂಗ್. ಕೂಲಿಯವನ ಕೈಗೆಟುಕುವ ಬೆಲೆಯಲ್ಲ. ನೋಡುವುದಕ್ಕೆ ಕಾಸು ಬೇಕಿರಲಿಲ್ಲವಲ್ಲ, ಅದಕ್ಕೇ ಕಾಲುದಾರಿಯಲ್ಲಿ ಸದಾ ಗುಂಪು. ಈ ಗುಂಪನ್ನೂ ಬಿಡದೆ ಚಿತ್ರ ಮಾಡಿದ್ದಾರೆ. 1808ರ ಒಂದು ಹಾಳೆಯಲ್ಲಿ ವಯಸ್ಸಾದವನೊಬ್ಬ ಹಂಫ್ರಿ ಅಂಗಡಿಯ ಮುಂದೆಯೇ ಕಾಲು ಜಾರಿ ಅಂಗಾತ ಬಿದ್ದಿದ್ದಾನೆ. ಕೈಯಲ್ಲಿದ್ದ ಉಷ್ಣಮಾಪಕವನ್ನು ಮಾತ್ರ ಒಡೆಯದಂತೆ ಹಿಡಿದಿದ್ದಾನೆ. ಹಿಂದೆ ನಿಂತವರು ಒಬ್ಬರೂ ತಿರುಗಿ ನೋಡುತ್ತಿಲ್ಲ. ಎಲ್ಲರ ಮೂಗೂ ಗಾಜಿಗೆ.

ನನ್ನ ಜೊತೆಗೆ ಬಂದಿದ್ದವನು ಪಾಂಡವಪುರದ ಕಡೆಯ ಹುಡುಗ. ನಮಗೆ ದೂರದ ಸಂಬಂಧ. ಲಂಡನ್ನಿನ ಹೊರವಲಯದಲ್ಲಿ ಸಾಫ್ಟ್‌ವೇರ್ ಕೆಲಸ. ಊರು ತೋರಿಸುತ್ತೇನೆಂದು ರಜೆ ಹಾಕಿ ಬಂದವನಿಗೆ ನಾನು ಬಕಿಂಗ್‌ಹ್ಯಾಮ್ ಅರಮನೆ ಬೇಡ ಎಂದಾಗಲೇ ಅನುಮಾನ ಬಂದಿತ್ತು. ಬೀದಿಯ ತುದಿಯವರೆಗೆ ಹೋಗಿ ತಿರುಗಿ ಬಂದ ಮೇಲೆ ಕೇಳಿದ: "ಇಲ್ಲೇನೂ ಇಲ್ವಲ್ಲಣ್ಣ?"

ಇದ್ದದ್ದು ಏನು ಎಂದು ನಡೆಯುತ್ತಲೇ ಹೇಳಿದೆ. ಹಂಫ್ರಿ ಅಂಗಡಿಯ ಮಹಡಿಯ ಮೇಲೆ ಜೇಮ್ಸ್ ಗಿಲ್‌ರೇ ವಾಸವಾಗಿದ್ದ. ಅಪ್ಪ ಯುದ್ಧದಲ್ಲಿ ಒಂದು ಕೈ ಕಳೆದುಕೊಂಡ ಸಿಪಾಯಿ. ಮಗ ಮೊದಲು ತಗಡಿನ ಮೇಲೆ ಅಕ್ಷರ ಕೊರೆಯುವ ಕಸುಬು ಕಲಿತ, ಆಮೇಲೆ ರಾಯಲ್ ಅಕಾಡೆಮಿಯಲ್ಲಿ ಚಿತ್ರಕಲೆ. ದೊಡ್ಡ ಕಲಾವಿದನಾಗಬೇಕೆಂದು ಹೊರಟವನು ಆದದ್ದು ವ್ಯಂಗ್ಯಚಿತ್ರಕಾರ. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಲ್ಲಿ ಗೀಚಿ, ಗೀಚಿದಲ್ಲಿ ಆಮ್ಲ ತಿನ್ನುವಂತೆ ಬಿಡುವುದು. ಆ ಗೆರೆಗಳಿಗೆ ಮಸಿ ತುಂಬಿ ಒದ್ದೆ ಕಾಗದಕ್ಕೆ ಒತ್ತುವುದು. ಎಲ್ಲವನ್ನೂ ಎಡಬಲ ತಿರುಗಿಸಿ ಬರೆಯಬೇಕು, ಅಡಿಯ ಸಾಲುಗಳನ್ನೂ. ಹಾಗೆ ತಿರುವುಮುರುವಾಗಿ ಬರೆದ ಅವನ ಅಕ್ಷರಗಳು ಅಚ್ಚಿನಲ್ಲಿ ಮುತ್ತಿನಂತೆ ಬರುತ್ತವೆ. ಮೊದಲು ಕಲಿತ ಕಸುಬು ಕೊನೆಯವರೆಗೂ ಅನ್ನ ಕೊಟ್ಟಿತು.

ಇಂಥ ಕೆಲಸ ಮಾಡಿ ಬದುಕಬಹುದು ಎಂಬ ಧೈರ್ಯ ಕೊಟ್ಟವನು ಅವನಿಗಿಂತ ಎರಡು ತಲೆಮಾರು ಹಿಂದಿನ ವಿಲಿಯಂ ಹೋಗಾರ್ತ್. ಅವನ ಚಿತ್ರ ಇವತ್ತು ಹೊರಬಂದರೆ ಕದ್ದು ತೆಗೆದ ನಕಲು ನಾಳೆ ಅರ್ಧ ಬೆಲೆಗೆ ಸಿಗುತ್ತಿತ್ತು. ಜಗಳ ಕಾದು, ಪಾರ್ಲಿಮೆಂಟಿಗೆ ಅರ್ಜಿ ಹಾಕಿ, ಕೊರೆದವನಿಗೇ ಹಕ್ಕು ಎಂಬ ಕಾನೂನನ್ನು ಮಾಡಿಸಿದ. ಅದು ಜಾರಿಗೆ ಬಂದದ್ದು 1735ರ ಜೂನ್ 25ಕ್ಕೆ. ಹೊಸ ಚಿತ್ರಮಾಲೆಯನ್ನು ಆ ದಿನದವರೆಗೂ ಮನೆಯಲ್ಲೇ ಇಟ್ಟುಕೊಂಡಿದ್ದನಂತೆ. ವ್ಯವಹಾರ ಬಲ್ಲ ಮನುಷ್ಯ. ಇನ್ನು ಸರ್ಕಾರದ ಕೈ? ಮಾನಹಾನಿಯ ಕಾನೂನು ಬಿಗಿಯಾಗಿಯೇ ಇತ್ತು. ಆದರೆ ಮೊಕದ್ದಮೆ ಹೂಡಿದರೆ, ಕೋರ್ಟಿನಲ್ಲಿ ನಿಂತು, 'ಸ್ವಾಮೀ, ಈ ಹಂದಿ ಮೋರೆಯವನು ನಾನೇ' ಎಂದು ಸಾಬೀತು ಮಾಡಬೇಕು. ಅದಕ್ಕಿಂತ ಹಾಳೆಯೊಂದನ್ನು ಕೊಂಡು ನಕ್ಕಂತೆ ಮಾಡುವುದು ಅಗ್ಗ.

ಆ ಹಾಳೆಗಳನ್ನು ನೋಡಲು ಹೋದದ್ದು ಬ್ರಿಟಿಷ್ ಮ್ಯೂಸಿಯಮ್ಮಿಗೆ. ಅಲ್ಲಿನ ಜನಜಂಗುಳಿಯೆಲ್ಲ ಈಜಿಪ್ಟಿನ ಮಮ್ಮಿಗಳ ಹತ್ತಿರ. ಮೇಲಂತಸ್ತಿನ ಹಿಂಭಾಗದಲ್ಲಿ ಮುದ್ರಿತ ಚಿತ್ರಗಳ ಓದುಕೋಣೆಯಿದೆ. ಮೊದಲೇ ಬರೆದು ಕೇಳಿಕೊಂಡರೆ ಯಾರಿಗಾದರೂ ಚಿತ್ರ ತೆಗೆದು ತೋರಿಸುತ್ತಾರೆ. ಪೆನ್ನು ಕೂಡದು, ಪೆನ್ಸಿಲ್ ಮಾತ್ರ. ಇಲ್ಲಿರುವ ವ್ಯಂಗ್ಯಚಿತ್ರಗಳ ಸಂಖ್ಯೆ ಎಷ್ಟೆಂದರೆ, ಅವುಗಳ ಪಟ್ಟಿಯೇ ಹನ್ನೊಂದು ದಪ್ಪ ಸಂಪುಟ. ಹದಿನೇಳು ಸಾವಿರಕ್ಕೂ ಮಿಕ್ಕ ಚಿತ್ರಗಳು. ಆ ಪೈಕಿ ಏಳು ಸಂಪುಟಗಳನ್ನು ಮಾಡಿದವಳು ಡೊರೊಥಿ ಜಾರ್ಜ್ ಎಂಬ ಒಬ್ಬಳೇ ವಿದುಷಿ. ಯಾವ ಮಂತ್ರಿಯ ಯಾವ ಹಗರಣ, ಮೂಲೆಯಲ್ಲಿರುವ ನಾಯಿ ಯಾರದು, ಹರಿದ ಚೀಟಿಯಲ್ಲಿ ಏನು ಬರೆದಿದೆ, ಒಂದನ್ನೂ ಬಿಡದೆ ಗಂಭೀರವಾದ ಇಂಗ್ಲಿಷಿನಲ್ಲಿ ದಾಖಲಿಸಿದ್ದಾಳೆ. ಮಹಾ ಪೋಲಿ ಚಿತ್ರಗಳನ್ನೂ ಅದೇ ದನಿಯಲ್ಲಿ. ನನಗೆ ಗಿಲ್‌ರೇಯಷ್ಟೇ ಅವಳ ಮೇಲೂ ಗೌರವ.

ನಾನು ಕೇಳಿದ್ದ ಚಿತ್ರ ಮೇಜಿನ ಮೇಲೆ ಬಂತು. 1791ರ ಡಿಸೆಂಬರ್. ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳುವುದಾದರೆ, 'ಮಳೆಗಾಲದ ಆಗಮನ, ಅಥವಾ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದ್ದು'.

ಹುಡುಗ ಬಗ್ಗಿ ನೋಡಿದ. ಕೋಟೆ. ಕೋಟೆಯ ಮೇಲೆ ಟಿಪ್ಪು. ಕೆಳಗೆ ಚೆಲ್ಲಾಪಿಲ್ಲಿಯಾಗಿ ಓಡುತ್ತಿರುವ ಇಂಗ್ಲಿಷ್ ಸೈನ್ಯ. ಕತ್ತೆಯ ಬೆನ್ನೇರಿ ಪಲಾಯನ ಮಾಡುತ್ತಿರುವ ಲಾರ್ಡ್ ಕಾರ್ನ್‌ವಾಲಿಸ್. ಇನ್ನೂ ಬಗ್ಗಿದ. ಮಳೆ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾದಾಗ ಅವನ ಬಾಯಿಂದ, ಆ ಕೋಣೆಯ ನಿಯಮ ಮೀರಿ, ಊರಿನ ಮಾತು ಹೊರಬಿತ್ತು: "ಅಯ್ಯಯ್ಯೋ, ಅಣ್ಣ, ಉಚ್ಚೆ ಹುಯ್ತಾವ್ನೆ ಕಣಣ್ಣ!"

ಪಕ್ಕದ ಮೇಜಿನ ವಿದ್ವಾಂಸರು ಕನ್ನಡಕದ ಮೇಲಿಂದ ನೋಡಿದರು. ಹುಡುಗ ಕ್ಷಮೆ ಕೇಳಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡ.

ಆ ವರ್ಷ ಆದದ್ದು ಇಷ್ಟು. ಹತ್ತು ವರ್ಷದ ಹಿಂದೆ ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾಗಿ ಮುಖಭಂಗವಾಗಿದ್ದ ಕಾರ್ನ್‌ವಾಲಿಸ್, ಈಗ ಗವರ್ನರ್ ಜನರಲ್ ಆಗಿ, 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದ. ಮೇ 15ರಂದು ಅರಕೆರೆಯ ಹತ್ತಿರ ಕಾಳಗ, ಅದನ್ನು ಗೆದ್ದ. ಗೆದ್ದೂ ಏನೂ ಮಾಡುವಂತಿರಲಿಲ್ಲ. ಮಳೆ ಹಿಡಿಯಿತು, ಕಾವೇರಿ ಏರಿತು, ದಂಡಿನಲ್ಲಿ ಸಿಡುಬು, ಅಕ್ಕಿಯಿಲ್ಲ, ಫಿರಂಗಿ ಎಳೆಯುವ ಎತ್ತುಗಳು ಸಾವಿರಗಟ್ಟಲೆ ಸತ್ತುಬಿದ್ದವು. ಸುತ್ತಮುತ್ತಲ ಮೇವು, ಕಾಳು ಶತ್ರುವಿಗೆ ಸಿಗದಂತೆ ಟಿಪ್ಪು ಮೊದಲೇ ಮಾಡಿದ್ದ. ಕೋಟೆ ಒಡೆಯಲೆಂದು ಅಷ್ಟು ದೂರದಿಂದ ಎಳೆದು ತಂದಿದ್ದ ದೊಡ್ಡ ಫಿರಂಗಿಗಳನ್ನು ಕಾರ್ನ್‌ವಾಲಿಸ್ ಕಣ್ಣಂಬಾಡಿಯಲ್ಲಿ ತಾನೇ ಒಡೆಸಿಹಾಕಿ ಬೆಂಗಳೂರಿನ ದಾರಿ ಹಿಡಿದ. ಆ ಕಣ್ಣಂಬಾಡಿ ಈಗ ಕೃಷ್ಣರಾಜಸಾಗರದ ನೀರಿನಡಿ. ಹಿಂದಿರುಗುವಾಗ ಮೇಲುಕೋಟೆಯ ಬಳಿ ಮರಾಠರ ದಂಡು ಎದುರಾಯಿತು. ಮಿತ್ರರೇ, ಆದರೆ ಹಸಿದ ಇಂಗ್ಲಿಷ್ ಸಿಪಾಯಿಗಳಿಗೆ ಅವರ ಬಜಾರಿನಲ್ಲಿ ಧಾನ್ಯ ಸಿಕ್ಕಿದ್ದು ಚಿನ್ನದ ಬೆಲೆಗೆ.

ಸುದ್ದಿ ಹಡಗಿನಲ್ಲಿ ಹೋಗಿ ಲಂಡನ್ ಮುಟ್ಟಲು ತಿಂಗಳುಗಳೇ ಬೇಕು. ಮುಟ್ಟಿದ್ದೇ ತಡ ಗಿಲ್‌ರೇ ತಗಡು ಎತ್ತಿಕೊಂಡ. ಆಗ ಹಂಫ್ರಿಯ ಅಂಗಡಿ ಓಲ್ಡ್ ಬಾಂಡ್ ಬೀದಿಯಲ್ಲಿತ್ತು. ಹಿಂದೂಸ್ತಾನವನ್ನು ಅವನು ಕಂಡವನಲ್ಲ. ಅವನಿಗೆ ಬೇಕಾದದ್ದು ಕಾರ್ನ್‌ವಾಲಿಸನ ಮುಖ. ಟಿಪ್ಪು ಆ ಮುಖಕ್ಕೆ ಎರಚಲು ಸಿಕ್ಕ ನೀರು, ಅಷ್ಟೇ.

ಇದನ್ನು ನೋಡಿ ಮೊದಲ ಗಳಿಗೆಯಲ್ಲಿ ಹಿಗ್ಗುವುದು ಸಹಜ. ನಮ್ಮ ಪಟ್ಟಣದ ಕೋಟೆ ಗೋಡೆಯಿಂದ ಸಾಮ್ರಾಜ್ಯದ ತಲೆಯ ಮೇಲೆ ಬಿದ್ದ ಮಳೆ, ಅದೂ ಇಂಗ್ಲಿಷಿನವನೇ ಬರೆದದ್ದು! ಇನ್ನೊಂದಿಷ್ಟು ಹೊತ್ತು ನೋಡುತ್ತ ಕೂತರೆ ಹಿಗ್ಗು ಇಳಿಯುತ್ತದೆ. ಈ ನಗೆಯಲ್ಲಿ ನಾವು ಎಲ್ಲೂ ಇಲ್ಲ. ಹಣ ಸುರಿದು ಯುದ್ಧ ಮಾಡಿಸುತ್ತೀರಿ, ನಿಮ್ಮ ಸೇನಾಪತಿ ಸೋತು ಬರುತ್ತಾನಲ್ಲ ಎಂದು ತಮ್ಮವರನ್ನು ತಾವು ಹಂಗಿಸುವ ಮನೆಜಗಳ ಇದು. ಗೆದ್ದು ಬಂದಿದ್ದರೆ ಹಂಗಿಸುತ್ತಿದ್ದರೇ?

ಅದಕ್ಕೂ ಉತ್ತರ ಅದೇ ಕೋಣೆಯ ಪೆಟ್ಟಿಗೆಗಳಲ್ಲಿದೆ. ಮರುವರ್ಷ, 1792ರ ಫೆಬ್ರವರಿಯಲ್ಲಿ, ಕಾರ್ನ್‌ವಾಲಿಸ್ ಮತ್ತೆ ಬಂದ. ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಒಪ್ಪಿ ಇಬ್ಬರು ಎಳೆಯ ಮಕ್ಕಳನ್ನು ಒತ್ತೆ ಕಳಿಸಿದ. ಆ ವರ್ಷದ ಮೇ ತಿಂಗಳ ಗಿಲ್‌ರೇ ಚಿತ್ರದಲ್ಲಿ ಇಂಡಿಯಾದ ವ್ಯವಹಾರ ನೋಡುತ್ತಿದ್ದ ಮಂತ್ರಿ ಡಂಡಾಸ್ ರಾಜ-ರಾಣಿಯರಿಗೆ ಗೆಲುವಿನ ಸುದ್ದಿ ತರುತ್ತಾನೆ. ಮೂರನೇ ಜಾರ್ಜ್ ದೊರೆ ಪೆದ್ದನ ಹಾಗೆ ಕುಣಿಯುತ್ತಾನೆ. ಇನ್ನೂ ಕುಟುಕಿದೆ. ಆದರೆ ಮುಂದೆ ಊರೆಲ್ಲ ಬೇರೆ ಚಿತ್ರಗಳಿಗೆ ಮುಗಿಬಿದ್ದಿತು: ದಯಾಮಯಿ ಕಾರ್ನ್‌ವಾಲಿಸ್ ಟಿಪ್ಪುವಿನ ಪುಟ್ಟ ಮಕ್ಕಳ ಕೈ ಹಿಡಿದು ಬರಮಾಡಿಕೊಳ್ಳುವ ಚಿತ್ರ. ಮಾದರ್ ಬ್ರೌನ್ ಬರೆದ, ದಂಡಿನ ಜೊತೆಗೇ ಇದ್ದ ರಾಬರ್ಟ್ ಹೋಮ್ ಬರೆದ. ಕತ್ತೆಯಿಂದ ಇಳಿದ ಲಾರ್ಡ್ ಈಗ ತಂದೆಯ ಸ್ಥಾನದಲ್ಲಿ ನಿಂತಿದ್ದ.

1799ರ ಹಾಳೆ ಇನ್ನೊಂದು ಬಗೆ. ಬರೆದವನು ಥಾಮಸ್ ರೋಲಂಡ್‌ಸನ್, ಗೆರೆಯಲ್ಲಿ ಗಿಲ್‌ರೇಗಿಂತ ನಯಗಾರ. ಹೆಸರು 'ಟಿಪ್ಪುವಿನ ಸಾವು, ಅಥವಾ ಜನಾನಾಕ್ಕೆ ಮುತ್ತಿಗೆ', ಕೊನೆಗೆ ಮೂರು ಆಶ್ಚರ್ಯಚಿಹ್ನೆ. ಇಂಗ್ಲಿಷ್ ಸಿಪಾಯಿಗಳು ಅಂತಃಪುರದ ಹೆಂಗಸರ ಮೇಲೆ ಬಿದ್ದಿದ್ದಾರೆ. ತನ್ನವರ ಲೂಟಿಕೋರತನವನ್ನು ಬಯಲಿಗೆಳೆದ ಎಂದು ವಾದಿಸುವವರು ವಾದಿಸಬಹುದು. ನನಗೆ ಹಾಗೆ ಕಾಣಲಿಲ್ಲ. ಅವನ ಗೆರೆ ಆ ದೃಶ್ಯವನ್ನು ಚಪ್ಪರಿಸುತ್ತಿದೆ. ಎಂಟು ವರ್ಷದ ಹಿಂದೆ ಕುದುರೆ ಸಿಗದೆ ಓಡುವ ಲಾರ್ಡಿಗೆ ಗುರಿಯಿಟ್ಟಿದ್ದ ಅದೇ ಪೇಟೆ, ಈಗ ಓಡಲೂ ಆಗದ ಹೆಂಗಸರನ್ನು ಕಂಡು ನಗುತ್ತಿದೆ. ಹುಡುಗ ಈ ಚಿತ್ರದ ಫೋಟೋ ತೆಗೆಯಲಿಲ್ಲ. ನಾನೂ ತೆಗೆ ಎನ್ನಲಿಲ್ಲ.

ಗಿಲ್‌ರೇಯ ಕಥೆಯೂ ನೇರವಾದದ್ದಲ್ಲ. 1796ರಲ್ಲಿ, ಯುವರಾಜನಿಗೆ ಮಗಳು ಹುಟ್ಟಿದ್ದನ್ನು ಏಸುವಿನ ಜನನದಂತೆ ಬರೆದನೆಂದು ದೈವನಿಂದೆಯ ಆಪಾದನೆ ಹೊರಿಸಿ ಹಿಡಿದರು. ಜೈಲಿನ ಭಯ. ಮರುವರ್ಷದಿಂದ ಪಿಟ್ ಸರ್ಕಾರದ ಕಡೆಯಿಂದ ಗುಟ್ಟಾಗಿ ವರ್ಷಕ್ಕೆ ಇನ್ನೂರು ಪೌಂಡ್. ಮೊದಲು ಎರಡೂ ಕಡೆ ಕಚ್ಚುತ್ತಿದ್ದವನು ಆಮೇಲೆ ಒಂದು ಕಡೆಯವರನ್ನು ಜಾಸ್ತಿ ಕಚ್ಚತೊಡಗಿದ. ಅವನ ತರುವಾಯದ ಜಾರ್ಜ್ ಕ್ರುಕ್‌ಶಾಂಕ್‌ಗೆ 1820ರಲ್ಲಿ ನೂರು ಪೌಂಡ್ ಸಂದಾಯವಾಯಿತು: ಹೊಸ ದೊರೆಯನ್ನು ಅಶ್ಲೀಲ ಸನ್ನಿವೇಶದಲ್ಲಿ ಬರೆಯುವುದಿಲ್ಲವೆಂಬ ಕರಾರಿಗೆ. ಇನ್ಯಾವ ಸನ್ನಿವೇಶದಲ್ಲಿ ಬರೆಯಬಾರದೆಂದು ಕರಾರಿನಲ್ಲಿ ಇರಲಿಲ್ಲ.

ಈ ದುಡ್ಡು ಪುಕ್ಕಟೆ ಕೊಟ್ಟದ್ದಲ್ಲ, ಭಯಕ್ಕೆ ಕಾರಣವಿತ್ತು. ಮರುದಿನ ಹಣಕಾಸಿನ ಕೇರಿಯಲ್ಲಿ ಲೆಡನ್‌ಹಾಲ್ ಬೀದಿಗೆ ಹೋದಾಗ ಅದನ್ನೇ ಹೇಳುತ್ತಿದ್ದೆ. ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಕಚೇರಿ ಇದ್ದದ್ದು ಇಲ್ಲಿ. ಈಗ ಆ ಜಾಗದಲ್ಲಿ ಕೊಳವೆಗಳನ್ನೆಲ್ಲ ಮೈಮೇಲೆ ಹಾಕಿಕೊಂಡ ಲಾಯ್ಡ್ಸ್ ಕಟ್ಟಡ. 1783ರಲ್ಲಿ ಫಾಕ್ಸ್, ಕಂಪನಿಯನ್ನು ಪಾರ್ಲಿಮೆಂಟಿನ ಹಿಡಿತಕ್ಕೆ ತರುವ ಮಸೂದೆ ತಂದ. ಜೇಮ್ಸ್ ಸೇಯರ್ಸ್ ಎಂಬಾತ ಬರೆದ ಒಂದು ಚಿತ್ರದಲ್ಲಿ ಫಾಕ್ಸ್ 'ಕಾರ್ಲೋ ಖಾನ್' ಆಗಿ, ಮೊಗಲ ಬಾದಷಹನ ವೇಷದಲ್ಲಿ ಆನೆಯೇರಿ ಲೆಡನ್‌ಹಾಲ್ ಬೀದಿಗೆ ದಿಗ್ವಿಜಯ ಬರುತ್ತಾನೆ. ಆನೆಗೆ ಅವನ ಜೊತೆಗಾರ ಮಂತ್ರಿ ನಾರ್ತ್‌ನ ಮುಖ. ಮುಂದೆ ತುತ್ತೂರಿ ಹಿಡಿದವನು ವಾಗ್ಮಿ ಎಡ್ಮಂಡ್ ಬರ್ಕ್. ಕಂಪನಿಯ ಲೂಟಿಗೆ ಕಡಿವಾಣ ಹಾಕಹೊರಟವನೇ ಕೊಳ್ಳೆಗಾರನಂತೆ ಕಂಡ. ಮಸೂದೆ ಬಿತ್ತು, ಸರ್ಕಾರವೂ ಬಿತ್ತು. ಪಾರ್ಲಿಮೆಂಟಿನ ಭಾಷಣಗಳಿಗಿಂತ ಸೇಯರ್ಸನ ಚಿತ್ರಗಳೇ ತನಗೆ ಹೆಚ್ಚು ಕೇಡು ಮಾಡಿದವೆಂದು ಫಾಕ್ಸ್ ಹೇಳಿಕೊಂಡನಂತೆ. ನಗೆ ಎಂದರೆ ಯಾವಾಗಲೂ ಬಡವರ ಪರ ಎಂದು ನಂಬಿದವರು ಈ ಹಾಳೆಯನ್ನೊಮ್ಮೆ ನೋಡಬೇಕು. ಇದರಿಂದ ಉಳಿದುಕೊಂಡದ್ದು ಕಂಪನಿ. ಸೇಯರ್ಸನಿಗೆ ಪಿಟ್ ಸರ್ಕಾರದಲ್ಲಿ ಒಂದು ಹುದ್ದೆಯೂ ಸಿಕ್ಕಿತು.

"ನಮ್ ಕಡೆ ಇಂಥವು ಇರ್ಲಿಲ್ವಾ?" ಎಂದು ಹುಡುಗ ಕೇಳಿದ್ದು ಅಲ್ಲೇ, ಮೆಟ್ರೋ ಸ್ಟೇಷನ್ನಿಗೆ ಇಳಿಯುವಾಗ.

ಇದ್ದವು. ಕಾಗದದ ಮೇಲಲ್ಲ, ಗೋಡೆಯ ಮೇಲೆ. ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಬರೆದಿದ್ದಾನೆ: ಟಿಪ್ಪುವಿನ ಅಪ್ಪಣೆಯಂತೆ ಶ್ರೀರಂಗಪಟ್ಟಣದ ದೊಡ್ಡ ಬೀದಿಗಳ ಮನೆಗೋಡೆಗಳಲ್ಲಿ ಇಂಗ್ಲಿಷರನ್ನು ಅಣಕಿಸುವ ಚಿತ್ರಗಳಿದ್ದವು. ಗಡಗಡ ನಡುಗುವ ಇಂಗ್ಲಿಷಿನವನನ್ನು ಹಿಡಿದ ಹುಲಿ. ಒಂದೇ ಏಟಿಗೆ ಎರಡು ತಲೆ ಹಾರಿಸುವ ಸವಾರ. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಬಂದು ಕುರ್ಚಿಯಲ್ಲಿ ಕೂತ ಇಂಗ್ಲಿಷಿನವನಿಗೆ ಅಡ್ಡಬಿದ್ದ ಆರ್ಕಾಟಿನ ನವಾಬ ಮಹಮ್ಮದಾಲಿ, ಅವನ ಕತ್ತಿನ ಮೇಲೆ ಆ ಇಂಗ್ಲಿಷಿನವನ ಕಾಲು. ಜನಕ್ಕೆ ಇನ್ನೂ ಹೆಚ್ಚು ಇಷ್ಟವಾಗಿದ್ದ ಕೆಲವು ಮರ್ಯಾದಸ್ಥರ ಬರಹದಲ್ಲಿ ಬರುವಂಥವಲ್ಲ ಎಂದು ವಿಲ್ಕ್ಸ್ ಅಲ್ಲಿಗೇ ನಿಲ್ಲಿಸುತ್ತಾನೆ. ಶತ್ರುವಿನ ಬರಹ, ಒಂದಿಷ್ಟು ಉಪ್ಪುಖಾರ ಬಿದ್ದಿರಬಹುದು. ಆದರೂ ನವಾಬನ ಚಿತ್ರವಿದೆಯಲ್ಲ, ಅದನ್ನು ಕಂಪನಿಯವನೊಬ್ಬ ಕಲ್ಪಿಸಿ ಬರೆದಾನು ಎಂದು ನನಗೆ ಅನ್ನಿಸುವುದಿಲ್ಲ. ಸಾಲದ ಸುಳಿಯಲ್ಲಿ ಕಂಪನಿಯ ಕಾಲಡಿ ಬಿದ್ದಿದ್ದ ಆ ನವಾಬನ ಸ್ಥಿತಿಯನ್ನು ಅಷ್ಟು ನಿಖರವಾಗಿ ಹಿಡಿದ ಗೆರೆ ಗಿಲ್‌ರೇಯ ಪಕ್ಕದಲ್ಲಿ ನಿಲ್ಲುವಂಥದ್ದು.

ಬೆಂಗಳೂರು ಬಿದ್ದು ಕಾರ್ನ್‌ವಾಲಿಸ್ ಪಟ್ಟಣದ ಕಡೆ ಬರುತ್ತಾನೆಂದಾದಾಗ ಟಿಪ್ಪುವೇ ಆ ಚಿತ್ರಗಳಿಗೆ ಸುಣ್ಣ ಹೊಡೆಸಿದ. ಅದೂ 1791. ಇಲ್ಲಿ ಗೋಡೆಗೆ ಸುಣ್ಣ ಬಿದ್ದ ವರ್ಷವೇ ಅಲ್ಲಿ ತಗಡಿನ ಮೇಲೆ ಸೂಜಿ ಓಡಿತು. ಬರೆದವರ ಹೆಸರೊಂದೂ ಉಳಿದಿಲ್ಲ. ದರಿಯಾ ದೌಲತ್ತಿನ ಗೋಡೆಯಲ್ಲಿ ಪೊಳ್ಳಿಲೂರಿನ ಯುದ್ಧ ಉಳಿದಿದೆ: ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೇಲಿ, ಚೌಕಾಕಾರವಾಗಿ ಒತ್ತಿ ನಿಂತ ಕೆಂಪಂಗಿಯ ಸಿಪಾಯಿಗಳು, ನಡುವೆ ಸಿಡಿಯುವ ಮದ್ದಿನ ಬಂಡಿ. ಅದೂ ಪಟ್ಟಣ ಬಿದ್ದ ಮೇಲೆ ಆ ಅರಮನೆಯಲ್ಲಿ ಕೂತ ಆರ್ಥರ್ ವೆಲ್ಲೆಸ್ಲಿ ಸರಿ ಮಾಡಿಸಿ, ಮುಂದೆ ಡಾಲ್‌ಹೌಸಿ ಮತ್ತೆ ಬರೆಸಿ ಉಳಿಸಿದ್ದು. ತಮ್ಮ ಸೋಲಿನ ಚಿತ್ರಕ್ಕೆ ತಾವೇ ಬಣ್ಣ ಕೊಡಿಸುವಷ್ಟು ಧೈರ್ಯ ಆಗ ಅವರಿಗಿತ್ತು, ಗೆದ್ದಾಗಿತ್ತಲ್ಲ.

ಇಷ್ಟನ್ನು ಹೇಳಿ ಇನ್ನೊಂದನ್ನು ಹೇಳದಿದ್ದರೆ ತಪ್ಪಾದೀತು. ಪಟ್ಟಣದ ಗೋಡೆಗಳ ನಗೆ ಹೊರಗಿನವರ ಮೇಲಿನದು. ದೊರೆ ಬರೆಯಿಸಿದಾಗ ಬಂತು, ದೊರೆ ಅಳಿಸಿದಾಗ ಹೋಯಿತು. ಗಂಜಾಂ ಪೇಟೆಯಲ್ಲಿ ಯಾರಾದರೂ ಸುಲ್ತಾನನ ಬೊಜ್ಜನ್ನು ಗೀಚಿ ಎರಡು ಕಾಸಿಗೆ ಮಾರಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಸುಲ್ತಾನನೊಬ್ಬನಲ್ಲ, ಅವನ ಮುಂಚಿನ, ಆಮೇಲಿನ ಯಾವ ಆಸ್ಥಾನವಾದರೂ ಅಷ್ಟೆ. ನಮ್ಮಲ್ಲಿ ದೊರೆಯನ್ನು ಬಾಯಿತುಂಬ ಆಡಿಕೊಳ್ಳಲು ಸಿಕ್ಕಿದ್ದ ಜಾಗ ಬಯಲಾಟದ ಕೋಡಂಗಿಯ ಬಾಯಿ. ಆ ಮಾತು ಬೆಳಗಾಗುವಷ್ಟರಲ್ಲಿ ಗಾಳಿಗೆ ಹೋಗುತ್ತದೆ. ತಾಮ್ರದ ತಗಡೊಂದು ಕೆಲವು ನೂರು ಹಾಳೆ ಒತ್ತುತ್ತದೆ, ಎಲ್ಲವನ್ನೂ ಹುಡುಕಿ ಸುಡಲು ಯಾವ ಮಂತ್ರಿಗೂ ಆಗುವುದಿಲ್ಲ.

ಕೊನೆಗೆ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂ, ಟಿಪ್ಪುವಿನ ಹುಲಿ. ಅಂಗಾತ ಬಿದ್ದ ಬಿಳಿಯನ ಎದೆಯ ಮೇಲೆ ಕೂತ ಮರದ ಹುಲಿ. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಮನುಷ್ಯ ಕೈಯೆತ್ತಿ ಅರಚುತ್ತಾನೆ. ಹೊಟ್ಟೆಯೊಳಗೆ ತಿದಿ, ಪೀಪಿಗಳು. ಪಟ್ಟಣದ ಬೀದಿಗೋಡೆಯ ನಗೆಯಲ್ಲಿ ಮೂರು ಆಯಾಮದಲ್ಲಿ ಉಳಿದದ್ದು ಇದೊಂದೇ. 1808ರಿಂದ ಇದನ್ನು ಕಂಪನಿಯ ಕಚೇರಿಯಲ್ಲಿ ಇಟ್ಟಿದ್ದರು. ಬಂದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಪಕ್ಕದ ಗ್ರಂಥಾಲಯದಲ್ಲಿ ಸಂಸ್ಕೃತ, ಪಾರಸಿ ಓದುತ್ತಿದ್ದವರಿಗೆ ತಲೆಚಿಟ್ಟು ಹಿಡಿಯಿತಂತೆ. ತಮ್ಮವನೇ ಒಬ್ಬ ಹುಲಿಯ ಬಾಯಲ್ಲಿ ಅರಚುವುದನ್ನು ಕೇಳಲು ಲಂಡನ್ನಿನ ಜನ ಸಾಲುಗಟ್ಟಿ ಬರುತ್ತಿದ್ದುದು ಗಿಲ್‌ರೇಗೆ ಒಳ್ಳೆಯ ವಸ್ತುವಾಗುತ್ತಿತ್ತು. ಅಷ್ಟೊತ್ತಿಗೆ ಅವನ ಕಣ್ಣು ಮಂದವಾಗುತ್ತಿತ್ತು. ಎರಡು-ಮೂರು ವರ್ಷದಲ್ಲಿ ಬುದ್ಧಿಯೂ ಕೆಟ್ಟಿತು. ಹಂಫ್ರಿಯೇ ನೋಡಿಕೊಂಡಳು. ವಾಟರ್‌ಲೂ ಕಾಳಗಕ್ಕೆ ಹದಿನೇಳು ದಿನ ಮೊದಲು, 1815ರ ಜೂನ್ 1ರಂದು ತೀರಿಕೊಂಡ. ತಾನು ಕುಳ್ಳನನ್ನಾಗಿ ಬರೆದಿದ್ದ ನೆಪೋಲಿಯನ್ ಅಲ್ಲಿ ಕೊನೆಯ ಸಲ ಸೋತದ್ದನ್ನು ಅವನು ನೋಡಲಿಲ್ಲ.

ಹುಲಿಯ ಮುಂದೆ ನಿಂತಿದ್ದಾಗ ಹುಡುಗನ ಫೋನಿಗೆ ಊರಿನಿಂದ ಧ್ವನಿಸಂದೇಶ ಬಂತು. ಹಿಂದಿನ ದಿನ ತೆಗೆದ 'ಮಳೆಗಾಲ'ದ ಫೋಟೋವನ್ನು ಆ ಬೆಳಗ್ಗೆಯಷ್ಟೇ ಅಪ್ಪನಿಗೆ ಕಳಿಸಿದ್ದನಂತೆ. ಪಾಂಡವಪುರದ ದನಿ ನನಗೂ ಸ್ಪಷ್ಟವಾಗಿ ಕೇಳಿಸಿತು. "ನೋಡ್ದೆ ಕಣಪ್ಪ, ನಗು ತಡ್ಯಾಕಾಗ್ಲಿಲ್ಲ. ನಿಮ್ಮವ್ವಂಗೆ ತೋರಿಸ್ನಿಲ್ಲ. ಅದ್ನ ನಮ್ ಫ್ಯಾಮಿಲಿ ಗ್ರೂಪ್‌ಗೆ ಮಾತ್ರ ಹಾಕ್ಬೇಡ ಕಣ್ಲಾ. ಟಿಪ್ಪೂನ ಹಿಂಗ್ ತೋರ್ಸವ್ರೆ ಅಂತ ಒಬ್ರು, ಟಿಪ್ಪು ಫೋಟೋ ಯಾಕ್ ಹಾಕ್ದೆ ಅಂತ ಇನ್ನೊಬ್ರು, ಸುಮ್ಕೆ ಜಗಳ ಆಯ್ತದೆ."

ಹುಡುಗ ನನ್ನ ಮುಖ ನೋಡಿದ. ಆಗಲೇ ಹಾಕಿಬಿಟ್ಟಿದ್ದ. ಗಾಬರಿಯಲ್ಲಿ ಫೋನು ತೆರೆದು, ಚಿತ್ರದ ಮೇಲೆ ಬೆರಳು ಒತ್ತಿಹಿಡಿದು, ಎಲ್ಲರಿಗೂ ಅಳಿಸು ಎಂಬುದನ್ನು ಆರಿಸಿದ. ಅಷ್ಟರಲ್ಲಿ ಬೆಂಗಳೂರಿನ ಚಿಕ್ಕಪ್ಪ ಅದನ್ನು ಇನ್ನೆರಡು ಗ್ರೂಪಿಗೆ ಕಳಿಸಿಯಾಗಿತ್ತು.